ಐದನೇ ತಿಂಗಳು, ಕೈಯಲ್ಲಿ ಒಂದೂವರೆ ಲಕ್ಷ: ಮೊದಲು ಏನು ಮಾಡಲಿ ಮೇಡಂ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಹುಬ್ಬಳ್ಳಿಯವರು. ಹೆಂಡತಿಗೆ ಈಗ ಐದು ತಿಂಗಳು, ಚೊಚ್ಚಲ ಹೆರಿಗೆ. ನನ್ನ ಸಂಬಳ 38,000. ಅವಳು ಒಂದು ಖಾಸಗಿ ಆಫೀಸಿನಲ್ಲಿ ಮೂರು ವರ್ಷದಿಂದ ಇದ್ದಾಳೆ, 19,000 ಬರುತ್ತದೆ. ಉಳಿತಾಯ ಅಂತ ಇರುವುದು ಒಂದೂವರೆ ಲಕ್ಷ. ಏಳರಲ್ಲಿ ಕುಬಸ (ಸೀಮಂತ) ಮಾಡಿ ಗದಗಿಗೆ, ತವರಿಗೆ ಕಳಿಸುತ್ತೇವೆ. ಅಷ್ಟರೊಳಗೆ ಕೆಲಸ ಬಿಡಿಸು ಅಂತ ಅವ್ವ ಹೇಳುತ್ತಿದ್ದಾಳೆ. ಇತ್ತ ಸಂಬಂಧಿಕರೊಬ್ಬರು ಕೂಸಿನ ಹೆಸರಲ್ಲಿ ವರ್ಷಕ್ಕೆ 50,000 ಕಟ್ಟುವ ಪಾಲಿಸಿ ಈಗಲೇ ಮಾಡಿಸು ಅಂತ ಬೆನ್ನುಬಿದ್ದಿದ್ದಾರೆ. ಯಾವುದು ಮೊದಲು?

ಉತ್ತರ: ಮೊದಲು ಅಭಿನಂದನೆ. ರಾಜೀನಾಮೆ ಮಾತ್ರ ಕೊಡಿಸಬೇಡಿ, ದಯವಿಟ್ಟು. ಅವರ ಸಂಬಳ 21,000ದ ಒಳಗಿದೆ, ಆಫೀಸಿನಲ್ಲಿ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇರಬೇಕು. ಪೇಸ್ಲಿಪ್ ತೆಗೆದು ನೋಡಿ, 19,000ಕ್ಕೆ ತಿಂಗಳಿಗೆ 143 ರೂಪಾಯಿ ಕಡಿತ ಆಗಿರುತ್ತದೆ. ಹಾಗಿದ್ದರೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದಷ್ಟೇ ದುಡ್ಡು ಬರುತ್ತದೆ, ಅಂದರೆ ಒಂದು ಲಕ್ಷಕ್ಕೂ ಮೇಲೆ. ನಿಮ್ಮ ಉಳಿತಾಯ ಇರುವುದೇ ಒಂದೂವರೆ ಲಕ್ಷ, ಯೋಚಿಸಿ. ಹೆರಿಗೆಗೆ 8 ವಾರ ಮುಂಚಿನಿಂದ ಈ ರಜೆ ತೆಗೆದುಕೊಳ್ಳಬಹುದು, ಆದರೆ ಮುಂಚೆ ಎಷ್ಟು ಬಳಸಿದರೆ ಕೂಸು ಬಂದಮೇಲೆ ಅಷ್ಟು ಕಡಿಮೆ. ಏಳರಲ್ಲೇ ಹೊರಡುವುದಾದರೆ ನಡುವಿನ ದಿನಗಳಿಗೆ ಬೇರೆ ರಜೆ ಕೇಳಿ.

ಪಾಲಿಸಿ ಈಗ ಬೇಡ. ದುಡಿಯುವವರು ನೀವು, ಕೂಸಲ್ಲ. ನಿಮಗೆ ಏನಾದರೂ ಆದರೆ ಮನೆ ನಡೆಯಬೇಕಲ್ವಾ, ಅದಕ್ಕೆ ನಿಮ್ಮ ಹೆಸರಲ್ಲಿ ಒಂದು ಟರ್ಮ್ ಇನ್ಶೂರೆನ್ಸ್ (ಅವಧಿಯೊಳಗೆ ಜೀವ ಹೋದರೆ ಮಾತ್ರ ಮನೆಯವರಿಗೆ ದುಡ್ಡು ಕೊಡುವ ವಿಮೆ) ಮಾಡಿಸಿ, ವರ್ಷದ ಸಂಬಳದ ಹತ್ತು ಹದಿನೈದು ಪಟ್ಟು. ಹೆಣ್ಣುಮಗು ಆದರೆ ಪೋಸ್ಟ್ ಆಫೀಸಿನಲ್ಲಿ ಸುಕನ್ಯಾ ಖಾತೆ ವರ್ಷಕ್ಕೆ 250 ಕಟ್ಟಿಯೂ ನಡೆಸಬಹುದು, ಹತ್ತು ವರ್ಷ ತುಂಬುವವರೆಗೆ ತೆರೆಯಲು ಟೈಮ್ ಇದೆ.

ಪ್ರಶ್ನೆ: ನಮ್ಮ ಕಂಪನಿಯ ಮೆಡಿಕಲ್ ಇನ್ಶೂರೆನ್ಸ್ ಇದೆ. ಸಾಲದಿದ್ದರೆ ಹೊರಗಡೆ ಇನ್ನೊಂದು ತೆಗೆದುಕೊಳ್ಳಲೇ?

ಉತ್ತರ: ಈಗ ತೆಗೆದುಕೊಂಡರೆ ಈ ಹೆರಿಗೆಗೆ ಬರುವುದಿಲ್ಲ. ಕಡಿಮೆ ಅಂದರೂ ಒಂಬತ್ತು ತಿಂಗಳು, ಎಷ್ಟೋ ಪಾಲಿಸಿಗಳಲ್ಲಿ ಎರಡು ಮೂರು ವರ್ಷ ಕಾಯಬೇಕು. ಕಂಪನಿಯದ್ದನ್ನೇ ಸರಿಯಾಗಿ ಓದಿ. ಹೆರಿಗೆಗೆ ಎಷ್ಟರವರೆಗೆ ಕೊಡುತ್ತಾರೆ, ಸಿಸೇರಿಯನ್‌ಗೆ ಬೇರೆ ಲೆಕ್ಕವಾ, ಕೂಸಿಗೆ ಮೊದಲ ದಿನದಿಂದಲೇ ಕವರ್ ಇದೆಯಾ, ಹುಟ್ಟಿದ ಎಷ್ಟು ದಿನದೊಳಗೆ ಹೆಸರು ಸೇರಿಸಬೇಕು, ಇಷ್ಟನ್ನೂ ಎಚ್‌ಆರ್‌ಗೆ ಮೇಲ್ ಹಾಕಿ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಹೆರಿಗೆ ಆಗುವುದು ಗದಗಿನಲ್ಲಿ, ಹಾಗಾಗಿ ಅಲ್ಲಿನ ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ (ಬಿಲ್ಲನ್ನು ವಿಮೆಯವರೇ ನೇರ ಕಟ್ಟುವುದು) ಇದೆ ಅಂತ ಈಗಲೇ ನೋಡಿ. ಹುಬ್ಬಳ್ಳಿಯ ಪಟ್ಟಿ ಹಿಡಿದುಕೊಂಡು ಏನೂ ಉಪಯೋಗವಿಲ್ಲ.

ಗುಂಪಿನ ಇನ್ನೊಬ್ಬರು: ನಮ್ಮ ಮಗಳು ಎಂಟರಲ್ಲೇ ಹುಟ್ಟಿದಳು, ಹನ್ನೊಂದು ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಟ್ಟಿದ್ದರು. ದುಡ್ಡೆಲ್ಲ ಚೀಟಿಯಲ್ಲಿತ್ತು, ನಡುವೆ ಎತ್ತಲು ಆಗಲಿಲ್ಲ, ಬಳೆ ಅಡ ಇಟ್ಟೆವು. ಕೈಗೆ ಸಿಗುವ ಹಾಗೆ ದುಡ್ಡು ಇಡಿ ಅಣ್ಣಾ.

ಉತ್ತರ: ಅಕ್ಕ ಹೇಳಿದ್ದೇ ಸರಿ. ಆ ಒಂದೂವರೆ ಲಕ್ಷದಲ್ಲಿ ಒಂದು ಲಕ್ಷವನ್ನು ಮುಟ್ಟಲೇಬೇಡಿ, ಬ್ಯಾಂಕಿನಲ್ಲಿ ಬೇಕಾದ ದಿನ ಮುರಿಸಿಕೊಳ್ಳುವ ಎಫ್‌ಡಿಯಲ್ಲಿ ಇಡಿ. ಕುಬಸವನ್ನು ಮನೆಮಟ್ಟಿಗೆ ಮಾಡಿ. ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ ಆದರೂ ನಾನು ಹೇಳುತ್ತೇನೆ. ತವರಿಗೆ ಕಳಿಸಿದೆವು, ಬಾಣಂತನದ ಖರ್ಚು ಅವರದ್ದು ಅಂತ ಸುಮ್ನೆ ಇರಬೇಡಿ. ಎರೆಯುವವರ ಕೂಲಿ, ಔಷಧ, ತುಪ್ಪ, ಅಂಟಿನುಂಡೆ, ಬಂದು ಹೋಗುವವರ ಊಟ, ಎಲ್ಲ ಸೇರಿ ಅತ್ತೆ ಮಾವನ ಮೇಲೆ ಬೀಳುತ್ತದೆ. ತಿಂಗಳಿಗೆ ಇಂತಿಷ್ಟು ಅಂತ ಹೆಂಡತಿಯ ಖಾತೆಗೆ ಹಾಕಿ.

ಪ್ರಶ್ನೆ: ಪೇಸ್ಲಿಪ್ ನೋಡಿದೆ ಮೇಡಂ, ಸರಿಯಾಗಿ 143 ಕಡಿತ ಇದೆ! ಆದರೆ ಅವಳ ಹತ್ತಿರ ಇಎಸ್‌ಐ ಕಾರ್ಡ್ ಇಲ್ಲ, ಇಎಸ್‌ಐ ಡಿಸ್ಪೆನ್ಸರಿಗೆ ಒಮ್ಮೆಯೂ ಹೋಗಿಲ್ಲ.

ಉತ್ತರ: ಪರವಾಗಿಲ್ಲ. ಆಫೀಸಿನಲ್ಲಿ ಇಎಸ್‌ಐ ನಂಬರ್ ಕೇಳಿ, ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ ನೋಡಿಸಿ, ಈ ವಾರವೇ ತಾಯಿ ಕಾರ್ಡ್ ಹಿಡಿದುಕೊಂಡು ಡಿಸ್ಪೆನ್ಸರಿಗೆ ಹೋಗಿ ಹೆಸರು ಬರೆಸಿ. ಗದಗಿನಲ್ಲಿ ಹೆರಿಗೆ ಆದರೆ ಯಾವ ಸರ್ಟಿಫಿಕೇಟ್ ಬೇಕು ಅಂತಲೂ ಅಲ್ಲೇ ಕೇಳಿಕೊಳ್ಳಿ. ಕೂಸು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿ, ಅದರ ಮೇಲೆ ಕೂಸಿನ ಹೆಸರನ್ನೂ ಇಎಸ್‌ಐಗೆ ಸೇರಿಸಿ. ಅವ್ವನಿಗೆ ಈ ಲೆಕ್ಕ ಕೂತು ತೋರಿಸಿ, ಒಪ್ಪುತ್ತಾರೆ.