ಐಸ್ ಕಟ್ಟದಿದ್ದರೂ ಟೊಮೆಟೊ ಯಾಕೆ ಕೆಡುತ್ತದೆ?

ಪ್ರಶ್ನೆ (ಶ್ರೀನಿವಾಸಪುರದ ರೈತ): ಮೇಡಂ, ಕೋಲಾರ ಮಂಡಿಯಲ್ಲಿ ರೇಟು ಬಿದ್ದಿತ್ತು ಅಂತ ಹಸಿರು ಟೊಮೆಟೊ ಒಂದಷ್ಟು ಬಾಕ್ಸ್ ಕೋಲ್ಡ್ ಸ್ಟೋರೇಜ್‌ಗೆ ಹಾಕಿದೆವು. 4 ಡಿಗ್ರಿಯಲ್ಲಿ ಎರಡು ವಾರಕ್ಕೂ ಜಾಸ್ತಿ ಇತ್ತು. ಒಳಗಿದ್ದಾಗ ಚೆನ್ನಾಗೇ ಕಾಣುತ್ತಿತ್ತು. ಹೊರಗೆ ತೆಗೆದ ಮೇಲೆ ಸರಿಯಾಗಿ ಕೆಂಪಾಗಲಿಲ್ಲ, ಅಲ್ಲಲ್ಲಿ ನೀರು ನೀರಾಗಿ ಗುಳಿ ಬಿತ್ತು, ಮೇಲೆ ಕಪ್ಪು ಬೂಷ್ಟು ಬೇರೆ. ಐಸಂತೂ ಕಟ್ಟಿರಲಿಲ್ಲ. ಮತ್ತೆ ಯಾಕೆ ಹೀಗೆ?

ಉತ್ತರ (ಸಸ್ಯ ಶರೀರಶಾಸ್ತ್ರ ಅಧ್ಯಾಪಕಿ): ಐಸ್ ಬೇಕಾಗಿಲ್ಲ, ಬರೀ ಚಳಿ ಸಾಕು. ಪೆಟ್ಟು ಬಿದ್ದಿದ್ದು ಜೀವಕೋಶದ ಪೊರೆಗೆ. ಅದರ ದಪ್ಪ ಸುಮಾರು 5 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಐದು ಪಾಲು), ಕೊಬ್ಬಿನ ಅಣುಗಳು ಎರಡು ಪದರವಾಗಿ ಸೇರಿ ಆದದ್ದು. ಗೋಡೆ ಥರ ಗಟ್ಟಿ ಅಂದುಕೊಳ್ಳಬೇಡಿ. ಅಣುಗಳು ಅಕ್ಕಪಕ್ಕ ಜಾರುತ್ತಲೇ ಇರುತ್ತವೆ, ನಡುವೆ ಪ್ರೋಟೀನುಗಳು ತೇಲುತ್ತವೆ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಎಂಬ ವಿಜ್ಞಾನಿಗಳು ಕೊಟ್ಟ ಈ ಚಿತ್ರವನ್ನೇ ಈಗಲೂ ಪಾಠ ಮಾಡುತ್ತೇವೆ.

ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಆಗಲ್ಲ, ಅಲ್ವಾ? ಪೊರೆಯ ಕೊಬ್ಬಿನದೂ ಅದೇ ಲೆಕ್ಕ. ಟೊಮೆಟೊ ಸುಮಾರು 12 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇದ್ದರೆ ಪೊರೆ ಬಿಗಿಯುತ್ತದೆ, ಪೊಟ್ಯಾಶಿಯಂನಂಥ ಅಯಾನುಗಳನ್ನು (ವಿದ್ಯುತ್ ಆವೇಶ ಇರುವ ಕಣಗಳನ್ನು) ಸಾಗಿಸುವ ಪ್ರೋಟೀನುಗಳು ನಿಧಾನವಾಗುತ್ತವೆ, ಅಯಾನುಗಳು ಆಚೆ ಸೋರುತ್ತವೆ, ಅವುಗಳ ಹಿಂದೆಯೇ ನೀರೂ ಬಂದು ಕೋಶಗಳ ಸಂದಿಯಲ್ಲಿ ನಿಲ್ಲುತ್ತದೆ. ನಿಮ್ಮ ಗುಳಿ ಅದೇ. ಬೂಷ್ಟು ಆಮೇಲೆ ಬಂದ ಅತಿಥಿ. ಲ್ಯಾಬಿನಲ್ಲಿ ಇದನ್ನು ಅಳೆಯುವುದೂ ಸುಲಭ: ಹಣ್ಣಿನ ಚೂರನ್ನು ಶುದ್ಧ ನೀರಿನಲ್ಲಿ ಬಿಟ್ಟು, ಆ ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಅಂತ ನೋಡುತ್ತೇವೆ. ಸೋರಿಕೆ ಜಾಸ್ತಿಯಾದಷ್ಟೂ ಮೀಟರ್ ಏರುತ್ತದೆ.

ಪ್ರಶ್ನೆ (ಮಾಲೂರಿನಿಂದ): ಹಂಗಾದ್ರೆ ಕೋಸು, ಕ್ಯಾರೆಟ್ 0 ಡಿಗ್ರಿ ಹತ್ತಿರ ಇಟ್ರೂ ಏನೂ ಆಗಲ್ವಲ್ಲ ಮೇಡಂ?

ಉತ್ತರ: ಅವು ಚಳಿ ಸೀಮೆಯ ಬೆಳೆಗಳು. ಚಳಿ ತಡೆಯುವ ಗಿಡಗಳ ಪೊರೆಯಲ್ಲಿ ಸಾಮಾನ್ಯವಾಗಿ ಅಪರ್ಯಾಪ್ತ ಕೊಬ್ಬು, ಅಂದರೆ ಕಡಲೆಕಾಯಿ ಎಣ್ಣೆಯಲ್ಲಿರುವಂಥದ್ದು, ಜಾಸ್ತಿ. ಅದರ ಅಣುವಿನ ಉದ್ದ ಬಾಲದಲ್ಲಿ ಜೋಡಿ ಬಂಧ ಇರುವ ಕಡೆ ಸೊಟ್ಟ ಬರುತ್ತದೆ, ಸೊಟ್ಟ ಬಾಲಗಳು ಒತ್ತಾಗಿ ಕೂರಲ್ಲ, ಹಾಗಾಗಿ ಚಳಿಯಲ್ಲೂ ಪೊರೆ ಮೆದುವಾಗೇ ಇರುತ್ತದೆ. ಇದೊಂದೇ ಕಾರಣ ಅಂತಲ್ಲ, ಆದರೆ ದೊಡ್ಡದು. ಬಾಳೆ, ಬದನೆ, ಸೌತೆ ಎಲ್ಲ ಟೊಮೆಟೊ ಪಕ್ಷ.

ಪ್ರಶ್ನೆ (ಶ್ರೀನಿವಾಸಪುರ): ಉಳಿದಿರೋ ಬಾಕ್ಸ್ ಬಿಸಿಲಿಗೆ ಇಟ್ರೆ ಸರಿ ಹೋಗುತ್ತಾ?

ಉತ್ತರ: ಇಲ್ಲಣ್ಣ. ಒಂದೆರಡು ದಿನದ ಚಳಿಯಾಗಿದ್ದರೆ ಪೊರೆ ಸುಧಾರಿಸಿಕೊಳ್ಳುತ್ತಿತ್ತು, ಇಷ್ಟು ದಿನ ಆದಮೇಲೆ ಕಷ್ಟ. ಬೂಷ್ಟು ಬಂದಿದ್ದನ್ನು ಬಿಸಾಕಿ, ಗಟ್ಟಿ ಇರೋದನ್ನು ಬೇಗ ಮಾರಿಬಿಡಿ. ಮುಂದಿನ ಸಲ ಹಸಿರು ಕಾಯಿಗೆ 13 ಡಿಗ್ರಿ ಆಸುಪಾಸು ಇಡೋಕೆ ಹೇಳಿ. ಅದಕ್ಕೆ ಬೇರೆ ರೂಮ್ ಇಲ್ಲ ಅಂದ್ರೆ ಆ ಸ್ಟೋರೇಜ್‌ಗೆ ಹಾಕಲೇಬೇಡಿ.