ಸಹಾಯ ಬೇಕು: ಅಮ್ಮನ ಮೂತ್ರದ ತೊಂದರೆಯನ್ನು ಡಾಕ್ಟರಿಗೆ ಹೇಗೆ ಹೇಳುವುದು?

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು, ಅಮ್ಮನಿಗೆ 61 ವರ್ಷ. ಒಂದು ವರ್ಷದಿಂದ ಒಂದಕ್ಕೆ ಬಂತೆಂದರೆ ತಡೆದುಕೊಳ್ಳಲು ಆಗುತ್ತಿಲ್ಲ. ಹಗಲು ಹತ್ತು ಹನ್ನೆರಡು ಸಲ, ರಾತ್ರಿ ಮೂರು ಸಲ. ಬಚ್ಚಲು ಮುಟ್ಟುವಷ್ಟರಲ್ಲಿ ಸೀರೆ ಒದ್ದೆಯಾಗಿರುತ್ತದೆ. ಬಸ್ಸಿನಲ್ಲಿ ಹೋಗಬೇಕಲ್ಲ ಅಂತ ತಂಗಿ ಮಗನ ಮದುವೆಗೂ ಬರಲಿಲ್ಲ. ನೀರು ಕುಡಿಯುವುದನ್ನೇ ಬಿಟ್ಟು ಕೂರುತ್ತಾರೆ, ನೋಡಲಾಗುವುದಿಲ್ಲ.

ಹೋದ ತಿಂಗಳು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಮ್ಮ ಮಂಡಿನೋವು ಮಾತ್ರ ಹೇಳಿ ಎದ್ದು ಬಂದರು. "ಗಂಡಸರ ಮುಂದೆ ಇದನ್ನೆಲ್ಲ ಹೇಗೆ ಹೇಳಲಿ, ವಯಸ್ಸಾದ ಮೇಲೆ ಇದ್ದದ್ದೇ" ಅಂತಾರೆ. ಇದ್ದದ್ದೇ ಅಂತ ಬಿಡಲು ನನಗೆ ಮನಸ್ಸಿಲ್ಲ, ಇದಕ್ಕೆ ಚಿಕಿತ್ಸೆ ಇದೆ.

ಮೂತ್ರ ಪರೀಕ್ಷೆ ಆಗಿದೆ, ಸೋಂಕಿಲ್ಲ. ಸಕ್ಕರೆಯೂ ಇಲ್ಲ. ಈ ಸಲ ಮೂರು ದಿನದ ಲೆಕ್ಕ ಬರೆದಿದ್ದೇನೆ: ಎಷ್ಟು ಹೊತ್ತಿಗೆ ಹೋದರು, ಎಷ್ಟು ನೀರು, ಎಷ್ಟು ಕಾಫಿ, ಯಾವಾಗ ಸೋರಿತು. ಬಿಪಿ ಮಾತ್ರೆಯ ಚೀಟಿಯನ್ನೂ ಒಯ್ಯುತ್ತೇನೆ. ಈ ತೊಂದರೆಗೆ ಕೊಡುವ ಆಕ್ಸಿಬ್ಯುಟಿನಿನ್ ಮಾತ್ರೆಯಿಂದ ಬಾಯಿ ಒಣಗಿ ಮಲಬದ್ಧತೆ ಆಗಬಹುದು, ವಯಸ್ಸಾದವರಿಗೆ ಮರೆವು, ಗೊಂದಲವೂ ಬರಬಹುದು. ಇದಕ್ಕೇ ಕೊಡುವ ಇನ್ನೊಂದು ಮಾತ್ರೆ ಮಿರಾಬೆಗ್ರಾನ್ ಬಿಪಿ ಏರಿಸಬಹುದು. ಹಾಗಾಗಿ ಮೊದಲು ಮೂತ್ರ ತಡೆಹಿಡಿಯುವ ಸ್ನಾಯುಗಳ ವ್ಯಾಯಾಮದ ಬಗ್ಗೆ ಕೇಳಬೇಕೆಂದಿದ್ದೇನೆ.

ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ. ಮೊದಲು ಸ್ತ್ರೀರೋಗ ತಜ್ಞೆಯ ಹತ್ತಿರ ಹೋಗುವುದೋ, ಯೂರಾಲಜಿಸ್ಟ್ ಹತ್ತಿರವೋ? ಆ ಸ್ನಾಯುಗಳನ್ನು (ಪೆಲ್ವಿಕ್ ಫ್ಲೋರ್) ಬಿಗಿಹಿಡಿಯುವ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಹೆಂಗಸರು ಶಿವಮೊಗ್ಗದಲ್ಲಿ ಇದ್ದಾರಾ? ಅಮ್ಮನ ಪರವಾಗಿ ನಾನೇ ಮಾತಾಡಲೋ, ಅವರ ಬಾಯಲ್ಲೇ ಹೇಳಿಸಲೋ? ನಿಮ್ಮ ಮನೆಯ ಹಿರಿಯರನ್ನು ಹೇಗೆ ಒಪ್ಪಿಸಿದಿರಿ?