ವಿಕ್ಟೋರಿಯಾ ರಾಣಿ ಕಾಲದ ಹಳ್ಳಿ ಅಂಗಡಿಯವರ ವಂಶ ಹುಡುಕುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಧಾರವಾಡದವಳು, ಮದುವೆಯಾಗಿ ಇಂಗ್ಲೆಂಡಿನ ನಾರ್ವಿಚ್ ಹತ್ತಿರ ಇದ್ದೇನೆ. ನಮ್ಮ ಕಡೆ ಹೆಳವರು ಮನೆಬಾಗಿಲಿಗೆ ಬಂದು ತಲೆಮಾರುಗಳ ಹೆಸರು ಹೇಳಿ, ಕಾಳುಕಡಿ ಪಡೆದು ಹೋಗುತ್ತಿದ್ದರು. ಇಲ್ಲಿ ನಮ್ಮ ಅತ್ತೆ ತಮ್ಮ ಮುತ್ತಜ್ಜನ ಬಗ್ಗೆ ತಿಳಿಯಬೇಕೆಂದು ಹಂಬಲಿಸುತ್ತಿದ್ದಾರೆ, ಕೇಳೋಣವೆಂದರೆ ಯಾರೂ ಉಳಿದಿಲ್ಲ. ಗೊತ್ತಿರುವುದಿಷ್ಟು: 1881ರ ಜನಗಣತಿಯಲ್ಲಿ ಅವರು ನಾರ್ಫೋಕ್‌ನ ಒಂದು ಹಳ್ಳಿಯಲ್ಲಿ ದಿನಸಿ ಮತ್ತು ಬಟ್ಟೆ ಅಂಗಡಿ ಇಟ್ಟಿದ್ದರು, ವಯಸ್ಸು 52, ಹೆಂಡತಿ, ಐದು ಮಕ್ಕಳು. ಹೆಸರು ತೀರಾ ಸಾಮಾನ್ಯ, ಅದೇ ಹೆಸರಿನ ಇನ್ನೊಬ್ಬರು ಪಕ್ಕದ ಹಳ್ಳಿಯಲ್ಲೇ ಇದ್ದಾರೆ. ಆನ್‌ಲೈನ್ ವಂಶವೃಕ್ಷಗಳಲ್ಲಂತೂ ಇವರಿಗೆ ಮೂವರು ಬೇರೆ ಬೇರೆ ಅಪ್ಪಂದಿರು. ಯಾವುದನ್ನು ನಂಬಲಿ? ಅಂಗಡಿ ಹಾಕಲು ದುಡ್ಡು ಎಲ್ಲಿಂದ ಬಂತು ಅನ್ನುವುದೂ ಅತ್ತೆಯ ಪ್ರಶ್ನೆ.

ಉತ್ತರ: ನಮಸ್ಕಾರ ಮೇಡಂ. ಆ ಮೂವರು ಅಪ್ಪಂದಿರನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಹೆಸರು ಸಾಮಾನ್ಯವಾಗಿದ್ದಾಗ ಹೆಸರಿನ ಬೆನ್ನು ಹತ್ತಿದರೆ ದಾರಿ ತಪ್ಪುತ್ತದೆ, ಅಂಗಡಿಯ ಬೆನ್ನು ಹತ್ತಿ. ಹೊಲದ ಕೂಲಿಯವರು ಕೆಲಸ ಸಿಕ್ಕ ಕಡೆ ಹೋಗಬಹುದು. ಅಂಗಡಿಯವರು ಸಾಮಾನು, ಉದ್ರಿ, ಗಿರಾಕಿ ಎಲ್ಲ ಬಿಟ್ಟು ಅಷ್ಟು ಸುಲಭಕ್ಕೆ ಊರು ಬಿಡುವುದಿಲ್ಲ.

1881ಕ್ಕೆ 52 ಅಂದರೆ ಹುಟ್ಟಿದ್ದು 1828-29ರ ಸುಮಾರಿಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದೇ 1837ರ ಜುಲೈ 1ರಂದು. ಹಾಗಾಗಿ ಅವರಿಗೆ ಜನನ ಪ್ರಮಾಣಪತ್ರ ಇರುವುದಿಲ್ಲ, ಹುಡುಕಿ ದಣಿಯಬೇಡಿ. ಮಕ್ಕಳಿಂದ ಹಿಂದಕ್ಕೆ ಬನ್ನಿ. ಜನನ, ಮರಣ, ಮದುವೆಗಳ ದಾಖಲೆ ಇಡುವ ಸರ್ಕಾರಿ ಕಚೇರಿಯಾದ ಜನರಲ್ ರಿಜಿಸ್ಟರ್ ಆಫೀಸಿನ ಜಾಲತಾಣದಲ್ಲಿ ಲಾಗಿನ್ ಮಾಡಿಕೊಂಡರೆ ಜನನ ಸೂಚಿ ಉಚಿತ. ಅದರಲ್ಲಿ ಮಗುವಿನ ತಾಯಿಯ ತವರಿನ ಮನೆತನದ ಹೆಸರೂ ಇರುತ್ತದೆ. ಐದೂ ಮಕ್ಕಳಿಗೆ ಅದೇ ಹೆಸರು ಬಂತೋ ನೋಡಿ. ಬಂದರೆ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಜೊತೆಗಿಟ್ಟು ಫ್ರೀಬಿಎಂಡಿ ಎಂಬ ಉಚಿತ ಜಾಲತಾಣದ ಸೂಚಿಯಲ್ಲಿ ಮದುವೆ ಹುಡುಕಿ. ಪಕ್ಕದ ಹಳ್ಳಿಯವರು ಅಲ್ಲಿಗೇ ಬೇರೆಯಾಗುವ ಸಾಧ್ಯತೆ ಹೆಚ್ಚು.

ಮದುವೆಯ ದಾಖಲೆ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. 1837ರ ನಂತರದ ಮದುವೆ ದಾಖಲೆಯಲ್ಲಿ ವಧೂವರರಿಬ್ಬರ ತಂದೆಯ ಹೆಸರು, ಕಸುಬು ಎರಡಕ್ಕೂ ಅಂಕಣವಿದೆ. ನೀವು ಚರ್ಚಿನ ಮೂಲ ಪುಸ್ತಕದ ಪುಟವನ್ನೇ ನೋಡಬೇಕು. ಲಂಡನ್ನಿಗೆ ಕಳಿಸಿದ್ದು ಬರೀ ನಕಲು, ಅದರಲ್ಲಿ ಪಾದ್ರಿಯ ಕೈಬರಹವಷ್ಟೇ ಇರುತ್ತದೆ. ಮೂಲ ಪುಟದಲ್ಲಿ ವರನ ಸ್ವಂತ ಸಹಿ ಇರುತ್ತದೆ. ಲೆಕ್ಕ ಬರೆದು ಬರೆದು ಕೈ ಪಳಗಿದ ಅಂಗಡಿಯವರ ಸಹಿಗೆ ಅದರದೇ ಓಟವಿರುತ್ತದೆ. ಸಹಿ ಬಾರದವರು ಗೀಟು ಹಾಕಿ ಬಿಟ್ಟಿರುತ್ತಾರೆ. ಅದೇ ಹೆಸರಿನ ಇನ್ನೊಬ್ಬರ ಮದುವೆ ಪುಟವನ್ನೂ ತೆಗೆದು ಎರಡೂ ಸಹಿ ಪಕ್ಕಪಕ್ಕ ಇಡಿ. ದೊಡ್ಡ ಅಕ್ಷರ ತಿರುಗಿಸುವ ರೀತಿ, ಕೊನೆಯ ಬಾಲ, ಕಾಗುಣಿತ ಗಮನಿಸಿ. ನಾನು ಇದನ್ನು ಯಾವ ವಂಶವೃಕ್ಷಕ್ಕಿಂತಲೂ ಹೆಚ್ಚು ನಂಬುತ್ತೇನೆ. ನಾರ್ಫೋಕ್‌ನ ಬಹಳಷ್ಟು ಚರ್ಚ್ ಪುಸ್ತಕಗಳ ಚಿತ್ರ ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಇನ್ನು ದುಡ್ಡಿನ ವಿಷಯ. ಹೆಂಡತಿಯ ತಂದೆಯ ಕಸುಬನ್ನು ಮರೆಯದೆ ಓದಿ. ಹಳ್ಳಿ ಅಂಗಡಿ ಎಷ್ಟೋ ಸಲ ಮಾವನಿಂದ ಅಳಿಯನಿಗೆ ಬಂದಿರುತ್ತದೆ, ಅಥವಾ ವಿಧವೆಯೊಬ್ಬರು ನಡೆಸುತ್ತಿದ್ದ ಅಂಗಡಿಗೆ ಕೆಲಸಕ್ಕೆ ಸೇರಿದ ಹುಡುಗ ಮುಂದೆ ಅದರ ಮಾಲೀಕನಾಗಿರುತ್ತಾನೆ. 1851ರ ಜನಗಣತಿಯಲ್ಲಿ ಇವರಿಗೆ 22ರ ಆಸುಪಾಸು. ಬೇರೆ ಯಾರದಾದರೂ ಅಂಗಡಿಯಲ್ಲಿ ಸಹಾಯಕನಾಗಿದ್ದರಾ ಹುಡುಕಿ, ಆ ಮನೆಯ ಹೆಣ್ಣುಮಕ್ಕಳ ಹೆಸರೂ ಬರೆದಿಟ್ಟುಕೊಳ್ಳಿ.

ಮರುಪ್ರಶ್ನೆ: ತುಂಬಾ ಉಪಕಾರ ಸರ್. ಲೆಸ್ಟರ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹಳೆಯ ವ್ಯಾಪಾರಿ ಡೈರೆಕ್ಟರಿಗಳು ಸಿಕ್ಕವು. ವೈಟ್‌ನವರ 1845ರ ನಾರ್ಫೋಕ್ ಡೈರೆಕ್ಟರಿಯಲ್ಲಿ ಅದೇ ಹಳ್ಳಿಯಲ್ಲಿ ಅದೇ ಹೆಸರಿನ ಅಂಗಡಿಕಾರ ಇದ್ದಾರೆ! ಆದರೆ ಆಗ ನಮ್ಮವರಿಗೆ ಹದಿನಾರೋ ಏನೋ. ಹಾಗಾದರೆ ಇವರೇ ಅಪ್ಪನಾ?

ಉತ್ತರ: ಇರಬಹುದು, ಚಿಕ್ಕಪ್ಪನೂ ಇರಬಹುದು. ಒಂದೇ ಮನೆತನದಲ್ಲಿ ಒಂದೇ ಹೆಸರು ಮರಳಿ ಮರಳಿ ಇಡುವುದು ಇಲ್ಲೂ ಮಾಮೂಲು. 1841ರ ಜನಗಣತಿ ತೆಗೆಯಿರಿ. ಅದರಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು, 44 ಆದವರು 40 ಎಂದಿರುತ್ತಾರೆ. ನಿಮ್ಮ ಹುಡುಗನಿಗೆ ಆಗ 12, ಅವನ ವಯಸ್ಸು ಸರಿಯಾಗೇ ಇರಬೇಕು. ಆದರೆ 1841ರಲ್ಲಿ ಸಂಬಂಧದ ಅಂಕಣವೇ ಇಲ್ಲ. ಒಂದೇ ಮನೆಯಲ್ಲಿದ್ದ ಮಾತ್ರಕ್ಕೆ ಮಗ ಎಂದು ತೀರ್ಮಾನಿಸಬೇಡಿ. ಸಂಬಂಧ ಬರೆಯಲು ಶುರುಮಾಡಿದ್ದು 1851ರಿಂದ. ಆಮೇಲೆ ದೀಕ್ಷಾಸ್ನಾನದ ಪುಸ್ತಕ ನೋಡಿ. 1813ರಿಂದ ಅದು ಅಚ್ಚಾದ ನಮೂನೆಯಲ್ಲಿದೆ, ತಂದೆಯ ಕಸುಬಿಗೂ ಜಾಗವಿದೆ. ಊರ ಚರ್ಚಿನಲ್ಲಿ ಸಿಗದಿದ್ದರೆ ಮೆಥಡಿಸ್ಟರೆಂಬ ಬೇರೆ ಕ್ರೈಸ್ತ ಪಂಗಡದವರ ಪುಸ್ತಕಗಳಲ್ಲಿ ನೋಡಿ, ನಾರ್ಫೋಕ್‌ನ ಹಳ್ಳಿಗಳಲ್ಲಿ ಅವರು ಬಹಳ ಇದ್ದರು.

1845ರ ಡೈರೆಕ್ಟರಿಯ ಆ ಹಿರಿಯ ಅಂಗಡಿಕಾರರು 1858ರ ಜನವರಿ 12ರ ನಂತರ ತೀರಿಕೊಂಡಿದ್ದರೆ ರಾಷ್ಟ್ರೀಯ ಪ್ರೊಬೇಟ್ ಪಟ್ಟಿಯಲ್ಲಿ, ಅಂದರೆ ನ್ಯಾಯಾಲಯ ಮಾನ್ಯ ಮಾಡಿದ ಉಯಿಲುಗಳ ಪಟ್ಟಿಯಲ್ಲಿ ಹುಡುಕಿ. ಉಯಿಲು ಸಿಕ್ಕರೆ 'ನನ್ನ ಮಗ' ಎಂಬ ಎರಡು ಪದದಲ್ಲಿ ನಿಮ್ಮ ಪ್ರಶ್ನೆ ತೀರುತ್ತದೆ. ಪಟ್ಟಿಯಲ್ಲಿನ ಆಸ್ತಿಯ ಮೊತ್ತ ಕಡಿಮೆ ಕಂಡರೆ ಬಡವರೆಂದುಕೊಳ್ಳಬೇಡಿ. 1898ಕ್ಕೆ ಮುಂಚೆ ಅದರಲ್ಲಿ ಮನೆ, ಜಮೀನಿನ ಬೆಲೆ ಸೇರುತ್ತಿರಲಿಲ್ಲ.

ಇನ್ನೊಬ್ಬ ಸದಸ್ಯರು: ಅಂಗಡಿ ನಡೆಸಿದ ಬಗೆ ತಿಳಿಯಲು ಏನಾದರೂ ಸಿಗುತ್ತದಾ ಸರ್? ಬರೀ ಹುಟ್ಟು, ಮದುವೆ, ಸಾವು ಓದಿದರೆ ಮನುಷ್ಯ ಕಾಣುವುದಿಲ್ಲ.

ಉತ್ತರ: ಖಂಡಿತ ಸಿಗುತ್ತದೆ, ನನಗೆ ಅತ್ಯಂತ ಇಷ್ಟದ ಭಾಗ ಇದೇ. ಹಳೆಯ ಪತ್ರಿಕೆಗಳಲ್ಲಿ ತಕ್ಕಡಿ ತಪ್ಪಿದ್ದಕ್ಕೆ ದಂಡ, ಅಂಗಡಿ ಕಳ್ಳತನ, ಸಾಮಾನಿನ ಹರಾಜು ಎಲ್ಲ ವರದಿಯಾಗುತ್ತಿದ್ದವು. ದಿವಾಳಿಯಾಗಿದ್ದರೆ ಲಂಡನ್ ಗೆಜೆಟ್‌ನಲ್ಲಿ ಇರುತ್ತದೆ, ಅದು ಉಚಿತ. ಅಂಗಡಿಯಲ್ಲೇ ಅಂಚೆ ಕಚೇರಿ ಇದ್ದರೆ ಡೈರೆಕ್ಟರಿಯಲ್ಲಿ ಊರಿನ ವಿವರದ ಜೊತೆಗೆ ಕಾಗದಗಳು ಎಷ್ಟು ಗಂಟೆಗೆ ಬರುತ್ತವೆ ಎಂಬುದನ್ನೂ ಕೊಟ್ಟಿರುತ್ತಾರೆ. ನೇಮಕಾತಿಯ ವಿವರ ಲಂಡನ್ನಿನ ಪೋಸ್ಟಲ್ ಮ್ಯೂಸಿಯಂನಲ್ಲಿ ಸಿಗಬಹುದು. ಮನೆ ಸ್ವಂತದ್ದೋ ಬಾಡಿಗೆಯದ್ದೋ ತಿಳಿಯಲು 1840ರ ಆಸುಪಾಸಿನ ಟೈಥ್ ನಕ್ಷೆ ನೋಡಿ. ಚರ್ಚಿನ ದಶಾಂಶ ತೆರಿಗೆಗಾಗಿ ಮಾಡಿದ ಆ ನಕ್ಷೆಯ ಜೊತೆಗಿನ ಪಟ್ಟಿಯಲ್ಲಿ ಪ್ರತಿ ಜಾಗಕ್ಕೂ ಒಡೆಯರು ಯಾರು, ವಾಸವಿದ್ದವರು ಯಾರು ಅಂತ ಬೇರೆ ಬೇರೆ ಬರೆದಿದ್ದಾರೆ.

ಧಾರವಾಡದ ಮೇಡಂ, ನೀವು ನಾರ್ವಿಚ್ ಪಕ್ಕದಲ್ಲೇ ಇರುವುದರಿಂದ ಹಳೆಯ ದಾಖಲೆಗಳನ್ನು ಇಟ್ಟಿರುವ ನಾರ್ಫೋಕ್ ರೆಕಾರ್ಡ್ ಆಫೀಸಿಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಯಾವ ಕಾಗದ ಬೇಕೆಂದು ಮೊದಲೇ ತಿಳಿಸಿ, ಗುರುತಿನ ಚೀಟಿ ಮತ್ತು ಪೆನ್ಸಿಲ್ ಒಯ್ಯಿರಿ. ಹಳೆಯ ಕಾಗದಗಳ ಹತ್ತಿರ ಪೆನ್ನು ಬಳಸಲು ಬಿಡುವುದಿಲ್ಲ. ಮದುವೆ ಪುಟದ ಎರಡೂ ಸಹಿ ಸಿಕ್ಕ ಮೇಲೆ ಇಲ್ಲೇ ಹಾಕಿ, ಒಟ್ಟಿಗೆ ಕೂತು ನೋಡೋಣ.